ರಶಿಯ ವ್ಯಾಖ್ಯಾನ ಓದುವ ಕ್ರಮ: ಬರೆಯದೆ ಬಿಟ್ಟ ಪ್ರಶ್ನೆಯನ್ನು ಹುಡುಕುವುದು

ಹನ್ನೊಂದನೆಯ ಶತಮಾನದ ಯೆಹೂದಿ ವ್ಯಾಖ್ಯಾನಕಾರ ರಶಿಯನ್ನು ಮೊದಲ ಸಲ ತೆರೆದವರಿಗೆ ಸಾಮಾನ್ಯವಾಗಿ ನಿರಾಸೆಯಾಗುತ್ತದೆ. ಒಂಬೈನೂರು ವರ್ಷಗಳಿಂದ ಯೆಹೂದಿಗಳು ತೋರಾದ (ಸತ್ಯವೇದದ ಮೊದಲ ಐದು ಕಾಂಡಗಳ) ಜೊತೆಜೊತೆಗೇ ಓದುತ್ತ ಬಂದ ವ್ಯಾಖ್ಯಾನ ಎಂದು ಕೇಳಿರುತ್ತಾರೆ. ಪುಟ ತಿರುವಿದರೆ ಸಿಗುವುದು ತುಂಡು ತುಂಡು ಮಾತು: ಮೂಲದ ಒಂದೆರಡು ಪದ, ಅದರ ಮುಂದೆ ಅರ್ಧ ಸಾಲಿನ ವಿವರಣೆ, ಮತ್ತೆ ಮೂಲದ ಒಂದೆರಡು ಪದ. ಮುನ್ನುಡಿ ಇಲ್ಲ, ತಾತ್ಪರ್ಯ ಇಲ್ಲ. ಇದರಲ್ಲೇನಿದೆ ಎನಿಸಿ ಮುಚ್ಚಿಟ್ಟುಬಿಡುತ್ತಾರೆ.

ತೊಡಕು ಇರುವುದು ಒಂದೇ ಕಡೆ. ನಮ್ಮ ಶಾಸ್ತ್ರಗ್ರಂಥಗಳ ಟೀಕೆಗಳಲ್ಲಿ ಶಂಕೆ ಮೊದಲು ಬರುತ್ತದೆ, ಸಮಾಧಾನ ಆಮೇಲೆ. ರಶಿ ಹೆಚ್ಚಿನ ಕಡೆ ಸಮಾಧಾನವನ್ನಷ್ಟೇ ಬರೆಯುತ್ತಾರೆ. ಶಂಕೆ ಮೂಲದ ಸಾಲಿನಲ್ಲೇ ಇದೆ, ಓದುವವರು ಅದನ್ನು ಕಂಡೇ ಇರುತ್ತಾರೆ ಎಂಬ ನಂಬಿಕೆ ಅವರದು. ನಾವು ಕಂಡಿರುವುದಿಲ್ಲ, ಹಾಗಾಗಿ ಉತ್ತರ ಬಡಕಲಾಗಿ ಕಾಣುತ್ತದೆ. ರಶಿಯನ್ನು ಓದುವುದೆಂದರೆ ಪ್ರತಿಯೊಂದು ಟಿಪ್ಪಣಿಗೂ ‘ಇಲ್ಲಿ ಇವರನ್ನು ಕಾಡಿದ್ದು ಏನು?’ ಎಂದು ಕೇಳಿ, ಉತ್ತರವನ್ನು ನಮ್ಮ ಕೈಯಿಂದಲೇ ಬರೆದಿಡುವುದು. ಕೆಳಗೆ ಹೇಳಿರುವುದೆಲ್ಲ ಇದೊಂದಕ್ಕಾಗಿ.

ಹೆಸರಿನ ಕಾಗುಣಿತದ ಬಗ್ಗೆ ಒಂದು ಮಾತು. ‘ರಾಶಿ’ ಎಂದು ಬರೆದರೆ ಹೀಬ್ರೂ ಉಚ್ಚಾರಕ್ಕೆ ಹತ್ತಿರವೇ. ಆದರೆ ಕನ್ನಡದಲ್ಲಿ ಕಣದ ರಾಶಿ, ಜಾತಕದ ರಾಶಿ ಎರಡೂ ಅಡ್ಡ ಬರುತ್ತವೆ. ಅದಕ್ಕೆ ಇಲ್ಲಿ ‘ರಶಿ’.

ಓದಿಗೆ ಬೇಕಾದಷ್ಟು ಜೀವನ

ರಬ್ಬಿ ಶ್ಲೋಮೋ ಯಿತ್ಸ್‌ಹಾಕಿ, ಅಂದರೆ ಯಿತ್ಸ್‌ಹಾಕರ ಮಗ ಶ್ಲೋಮೋ. ಮೂರು ಪದಗಳ ಮೊದಲಕ್ಷರ ಸೇರಿ ರಶಿ ಆಯಿತು. ಹುಟ್ಟಿದ್ದು ಸುಮಾರು 1040ರಲ್ಲಿ, ಉತ್ತರ ಫ್ರಾನ್ಸಿನ ಶಾಂಪೇನ್ ಪ್ರಾಂತದ ಟ್ರ್ವಾ ಪಟ್ಟಣದಲ್ಲಿ. ತೀರಿಕೊಂಡಿದ್ದು ಅಲ್ಲೇ, 1105ರಲ್ಲಿ. ನಡುವೆ ರೈನ್ ನದಿಯ ದಂಡೆಯ ಮೈಂಟ್ಸ್‌ನಲ್ಲಿ ಯಾಕೋವ್ ಬೆನ್ ಯಾಕಾರ್ ಮತ್ತು ಯಿತ್ಸ್‌ಹಾಕ್ ಬೆನ್ ಯೆಹೂದಾ, ವೋರ್ಮ್ಸ್‌ನಲ್ಲಿ ಯಿತ್ಸ್‌ಹಾಕ್ ಹಲೇವಿ ಅವರ ಬಳಿ ಓದಿದರು. ಊರಿಗೆ ಮರಳಿ ಅಲ್ಲೇ ಪಾಠಶಾಲೆ ಕಟ್ಟಿದರು. ತಾವು ಓದಿದ ಮೈಂಟ್ಸ್, ವೋರ್ಮ್ಸ್‌ಗಳ ಯೆಹೂದಿ ಸಮುದಾಯಗಳು 1096ರ ಮೊದಲ ಧರ್ಮಯುದ್ಧದ ಹೊತ್ತಿನಲ್ಲಿ ಕೊಲೆಗೆ, ಲೂಟಿಗೆ ಈಡಾದದ್ದನ್ನು ಬದುಕಿದ್ದಾಗಲೇ ಕೇಳಬೇಕಾಯಿತು.

ಇದರಲ್ಲಿ ಓದುಗರಿಗೆ ನೇರವಾಗಿ ಬೇಕಾದದ್ದು ಮೂರು. ಒಂದು, ಅವರ ಮನೆಮಾತು ಹಳೆಯ ಫ್ರೆಂಚ್. ಹೀಬ್ರೂ ಪದ ಕಷ್ಟವಾದಾಗ ಅದನ್ನೇ ಬಳಸುತ್ತಾರೆ. ಎರಡು, ಹೀಬ್ರೂ ಧಾತುಗಳಿಗೆ ಮೂರು ಅಕ್ಷರ ಎಂಬ ಸಿದ್ಧಾಂತವನ್ನು ಸ್ಪೇನಿನ ಯೆಹೂದಾ ಹಯ್ಯೂಜ್ ಅರಬ್ಬಿಯಲ್ಲಿ ಬರೆದಿಟ್ಟಿದ್ದರು, ಅದು ರಶಿಗೆ ತಲುಪಿರಲಿಲ್ಲ. ಅವರ ಕೈಯಲ್ಲಿದ್ದದ್ದು ಹೀಬ್ರೂವಿನಲ್ಲೇ ಬರೆದ ಮೆನಹೇಮ್ ಬೆನ್ ಸಾರೂಕ್ ಮತ್ತು ದುನಾಶ್ ಬೆನ್ ಲಬ್ರಾತ್. ಆದ್ದರಿಂದ ಅವರು ಎರಡಕ್ಷರದ ಧಾತು ಹೇಳಿದ ಕಡೆ ಇಂದಿನ ನಿಘಂಟು ಹಿಡಿದು ತಪ್ಪು ಎನ್ನಬೇಡಿ. ಅವರು ಯಾವ ಲೆಕ್ಕ ಹಾಕುತ್ತಿದ್ದಾರೆ ಎಂದು ನೋಡಿ. ಮೂರು, ಯೋಖೆವೆದ್, ಮಿರ್ಯಾಮ್, ರಾಹೇಲ್ ಎಂಬ ಹೆಣ್ಣುಮಕ್ಕಳು. ಯೋಖೆವೆದ್ ಅವರ ಮಕ್ಕಳಲ್ಲಿ ಶ್ಮುಎಲ್ (ರಶ್‌ಬಾಮ್) ಮತ್ತು ಯಾಕೋವ್ (ರಬ್ಬೇನು ತಾಮ್) ದೊಡ್ಡ ವಿದ್ವಾಂಸರಾದರು. ಅಜ್ಜನ ಮಾತನ್ನು ಒಪ್ಪದೆ ಬರೆದವರಲ್ಲಿ ಇವರೇ ಮುಂದು. ರಶಿಯನ್ನು ಸರಿಯಾಗಿ ಓದಲು ಮೊಮ್ಮಕ್ಕಳ ಆಕ್ಷೇಪವನ್ನು ಪಕ್ಕದಲ್ಲಿಟ್ಟುಕೊಳ್ಳುವಷ್ಟು ಒಳ್ಳೆಯ ಉಪಾಯ ಇನ್ನೊಂದಿಲ್ಲ.

ಏನೇನು ಬೇಕು

ತೋರಾದ ಐದು ಕಾಂಡಗಳನ್ನು ರಶಿಯ ಸಮೇತ ಅಚ್ಚು ಹಾಕಿದ ಪುಸ್ತಕಕ್ಕೆ ‘ಹುಮಾಶ್’ ಎನ್ನುತ್ತಾರೆ. ರಶಿಯ ಸುತ್ತ ರಶ್‌ಬಾಮ್, ಇಬ್ನ್ ಎಜ್ರಾ, ರಂಬಾನ್ ಮುಂತಾದ ವ್ಯಾಖ್ಯಾನಕಾರರನ್ನೂ ಸೇರಿಸಿದ ದೊಡ್ಡ ಪುಸ್ತಕ ‘ಮಿಕ್ರಾಓತ್ ಗೆದೋಲೋತ್’. ಶುರುವಿಗೆ ಹುಮಾಶ್ ಸಾಕು. ಹೀಬ್ರೂ ಬಾರದಿದ್ದರೆ ರೋಸೆನ್‌ಬಾಮ್ ಮತ್ತು ಸಿಲ್ಬರ್‌ಮನ್ ಅವರ ಇಂಗ್ಲಿಷ್ ಅನುವಾದ ಸೆಫಾರಿಯಾ ಜಾಲತಾಣದಲ್ಲಿ ಮೂಲದ ಜೊತೆ ಉಚಿತವಾಗಿ ಸಿಗುತ್ತದೆ. ಜೊತೆಗೆ ಕನ್ನಡದ ಸತ್ಯವೇದ, ಒಂದು ಗೆರೆ ಪುಸ್ತಕ, ಪೆನ್ಸಿಲ್. ಪೆನ್ನು ಬೇಡ, ಯಾಕೆಂದರೆ ಮೊದಲು ಬರೆದ ಪ್ರಶ್ನೆಯನ್ನು ಹತ್ತರಲ್ಲಿ ಆರು ಸಲ ಅಳಿಸಬೇಕಾಗುತ್ತದೆ.

ಸತ್ಯವೇದವನ್ನು ಪಕ್ಕದಲ್ಲಿಡುವಾಗ ಎರಡು ಎಚ್ಚರ. ಮೊದಲನೆಯದು ವಚನಸಂಖ್ಯೆ. ಹೀಬ್ರೂ ಎಣಿಕೆಗೂ ನಮ್ಮ ಸತ್ಯವೇದದ ಎಣಿಕೆಗೂ ಕೆಲವು ಕಡೆ ಒಂದು ವಚನದ ವ್ಯತ್ಯಾಸ ಬರುತ್ತದೆ. ಆದಿಕಾಂಡ 31:55 ಹೀಬ್ರೂವಿನಲ್ಲಿ 32:1. ಅಲ್ಲಿಂದ ಆ ಅಧ್ಯಾಯ ಮುಗಿಯುವ ತನಕ ಒಂದೊಂದು ಸಂಖ್ಯೆ ಜಾರುತ್ತದೆ. ಕೀರ್ತನೆಗಳಲ್ಲಿ ಎಷ್ಟೋ ಕಡೆ ಶೀರ್ಷಿಕೆಯನ್ನೇ ಮೊದಲ ವಚನವಾಗಿ ಎಣಿಸುತ್ತಾರೆ. ಟಿಪ್ಪಣಿ ವಚನಕ್ಕೆ ಹೊಂದುತ್ತಿಲ್ಲ ಎನಿಸಿದರೆ ಒಂದು ವಚನ ಹಿಂದೆ ಮುಂದೆ ನೋಡಿ.

ಎರಡನೆಯದು ಇದಕ್ಕಿಂತ ದೊಡ್ಡದು. ಅನುವಾದಕರು ಮೂಲದ ಒರಟನ್ನು ಉಜ್ಜಿ ನಯ ಮಾಡಿರುತ್ತಾರೆ. ರಶಿ ಬೆರಳಿಟ್ಟಿರುವುದು ಆ ಒರಟಿನ ಮೇಲೆಯೇ. ಆದಿಕಾಂಡ 12:1ರಲ್ಲಿ ದೇವರು ಅಬ್ರಾಮನಿಗೆ ಹೇಳುವುದು ‘ಲೆಖ್ ಲೆಖಾ’: ‘ಹೋಗು, ನಿನಗಾಗಿ’. ಆ ‘ನಿನಗಾಗಿ’ ಎಂಬುದು ವಾಕ್ಯಕ್ಕೆ ಅಗತ್ಯವಿಲ್ಲ, ಆದ್ದರಿಂದ ಅನುವಾದಗಳಲ್ಲಿ ಬಿದ್ದುಹೋಗುತ್ತದೆ. ರಶಿಯ ಟಿಪ್ಪಣಿ ‘ನಿನ್ನ ಸುಖಕ್ಕಾಗಿ, ನಿನ್ನ ಒಳಿತಿಗಾಗಿ’ ಎಂದು ಶುರುವಾಗುತ್ತದೆ. ಅನುವಾದ ಮಾತ್ರ ಓದಿದವರಿಗೆ ಇದು ಎಲ್ಲಿಂದಲೋ ತಂದು ಅಂಟಿಸಿದ ಭಕ್ತಿಯ ಮಾತಿನಂತೆ ಕೇಳುತ್ತದೆ. ಹೀಬ್ರೂವಿನ ಹೆಚ್ಚುವರಿ ಪದ ಕಂಡವರಿಗೆ ಅದು ಪದದ ಅರ್ಥ. ಹೀಬ್ರೂ ಕಲಿಯುವ ಮನಸ್ಸಿಲ್ಲದವರೂ ಪದಶಃ ಅನುವಾದವೊಂದನ್ನು ಇಟ್ಟುಕೊಳ್ಳಬೇಕು ಎನ್ನುವುದು ಇದಕ್ಕೇ.

ಲಿಪಿ

ಹಳೆಯ ಮುದ್ರಣಗಳಲ್ಲಿ ರಶಿಯನ್ನು ಅಚ್ಚು ಹಾಕುವ ಅಕ್ಷರಕ್ಕೆ ‘ರಶಿ ಲಿಪಿ’ ಎಂದು ಹೆಸರು. ಅದು ರಶಿಯ ಕೈಬರಹ ಅಲ್ಲ. 1475ರಲ್ಲಿ ಇಟಲಿಯ ರೆಜ್ಜೋ ದಿ ಕಲಾಬ್ರಿಯಾದಲ್ಲಿ ಅಬ್ರಹಾಮ್ ಬೆನ್ ಗಾರ್ತೋನ್ ಈ ವ್ಯಾಖ್ಯಾನವನ್ನು ಮುದ್ರಿಸಿದರು. ಇಸವಿ ನಮೂದಾಗಿರುವ ಹೀಬ್ರೂ ಅಚ್ಚುಪುಸ್ತಕಗಳಲ್ಲಿ ಅದೇ ಮೊದಲನೆಯದು. ಅದಕ್ಕೆ ಬಳಸಿದ್ದು ಸ್ಪೇನಿನ ಯೆಹೂದಿಗಳ ಮೋಡಿ ಬರಹದ ಮಾದರಿ. ಮೂಲಕ್ಕೆ ಚೌಕ ಅಕ್ಷರ, ವ್ಯಾಖ್ಯಾನಕ್ಕೆ ಈ ಮೋಡಿ ಎಂಬ ರೂಢಿ ನಿಂತಿತು. ಫ್ರಾನ್ಸಿನ ರಶಿ ಬರೆಯುತ್ತಿದ್ದ ಅಕ್ಷರದ ರೂಪವೇ ಬೇರೆ.

ಹೀಬ್ರೂವಿಗೆ 22 ಅಕ್ಷರ, ಪದದ ಕೊನೆಯಲ್ಲಿ ರೂಪ ಬದಲಿಸುವವು ಐದು, ಒಟ್ಟು 27 ಆಕಾರ. ಚೌಕ ಅಕ್ಷರ ಬರುವವರು ದಿನಕ್ಕೆ ನಾಲ್ಕರಂತೆ ಕಲಿತರೆ ಒಂದು ವಾರದಲ್ಲಿ ರಶಿ ಲಿಪಿ ಕೈಗೆ ಹತ್ತುತ್ತದೆ. ಆಲೆಫ್, ಶೀನ್, ತ್ಸಾದಿ ಮೂರೂ ಚೌಕ ರೂಪಕ್ಕಿಂತ ತೀರ ಬೇರೆ. ಮೊದಲ ದಿನವೇ ಇವನ್ನು ಮುಗಿಸಿ. ಎಲ್ಲರೂ ಎಡವುವುದು ಸಾಮೆಖ್ ಮತ್ತು ಪದಾಂತ್ಯದ ಮೇಮ್ ನಡುವೆ. ಅಕ್ಷರ ಪದದ ನಡುವೆ ಇದ್ದರೆ ಅದು ಸಾಮೆಖ್ ಎಂದೇ ತಿಳಿಯಿರಿ, ಪದಾಂತ್ಯದ ಮೇಮ್ ಅಲ್ಲಿ ಬರುವಂತಿಲ್ಲ. ಸ್ವರಚಿಹ್ನೆ ಹಾಕಿ ಚೌಕ ಅಕ್ಷರದಲ್ಲೇ ಅಚ್ಚಾದ ಹೊಸ ಮುದ್ರಣಗಳೂ ಇವೆ, ಅವುಗಳಿಂದ ಶುರು ಮಾಡಿದರೆ ನಷ್ಟವೇನಿಲ್ಲ.

ಮತ್ತೆ ಮತ್ತೆ ಬರುವ ಸೂತ್ರಗಳನ್ನು ಪುಸ್ತಕದ ರಕ್ಷಾಪುಟದ ಒಳಗೆ ಬರೆದಿಟ್ಟುಕೊಳ್ಳಿ. ‘ಕೆತರ್ಗುಮೋ’ ಎಂದರೆ ಅರಾಮಿಕ್ ಅನುವಾದವಾದ ಓಂಕೆಲೋಸ್ ಹೇಳಿದಂತೆ. ಅಲ್ಲಿ ರಶಿ ಬೇರೇನೂ ಹೇಳುವುದಿಲ್ಲ, ಓಂಕೆಲೋಸ್ ತೆಗೆದು ನೋಡಲೇಬೇಕು. ‘ಶೆನ್ನೆಎಮಾರ್’ ಬಂದರೆ ಮುಂದಿರುವುದು ಬೇರೆ ಕಡೆಯ ವಚನ. ‘ಲೆಫಿ ಪೆಶುತೋ’ ಎಂದರೆ ನೇರ ಅರ್ಥದಲ್ಲಿ. ‘ರಬ್ಬೋತೇನು ದಾರೆಶು’ ಎಂದರೆ ನಮ್ಮ ಗುರುಗಳು ಹೀಗೆ ವಿವರಿಸಿದರು, ಅಂದರೆ ಮುಂದಿನದು ಮಿದ್ರಾಶ್, ವಚನಗಳ ಸುತ್ತ ಹಳೆಯ ಗುರುಗಳು ಹೇಳಿದ ಕಥೆ, ವಿವರಣೆ. ‘ದಾವಾರ್ ಅಹೇರ್’ ಎಂದರೆ ಇನ್ನೊಂದು ಅರ್ಥ.

ಒಂದು ವಚನವನ್ನು ಓದುವುದು

ಆದಿಕಾಂಡ 1ರಿಂದ ಶುರು ಮಾಡಬೇಡಿ, ಅದು ವ್ಯಾಖ್ಯಾನದ ಅತ್ಯಂತ ಕಠಿಣ ಪುಟಗಳಲ್ಲಿ ಒಂದು. 22ನೆಯ ಅಧ್ಯಾಯ ಒಳ್ಳೆಯದು: ಕಥೆ ಗೊತ್ತಿರುವುದು, ವಾಕ್ಯಗಳು ಚಿಕ್ಕವು. ದಿನಕ್ಕೆ ಅರ್ಧ ಗಂಟೆ, ಒಂದೇ ವಚನ. ಪುಸ್ತಕದಲ್ಲಿ ಮೂರು ಅಂಕಣ ಎಳೆಯಿರಿ: ಪ್ರತೀಕ (ರಶಿ ಮೂಲದಿಂದ ಎತ್ತಿಕೊಂಡ ತುಣುಕು), ಶಂಕೆ, ಸಮಾಧಾನ.

ಮೊದಲು ರಶಿಯನ್ನು ಕೈಯಿಂದ ಮುಚ್ಚಿ ವಚನವನ್ನಷ್ಟೇ ಎರಡು ಸಲ ಓದಿ. 22:2ರ ಹೀಬ್ರೂವನ್ನು ಪದದ ಸಾಲಿನಲ್ಲೇ ಕನ್ನಡಿಸಿದರೆ ಹೀಗಾಗುತ್ತದೆ: ‘ತೆಗೆದುಕೋ, ನಿನ್ನ ಮಗನನ್ನು, ನಿನ್ನ ಒಬ್ಬನೇ ಒಬ್ಬನನ್ನು, ನೀನು ಪ್ರೀತಿಸುವವನನ್ನು, ಇಸಾಕನನ್ನು’. ಸರಾಗವಾದ ಕನ್ನಡದಲ್ಲಿ ವಿಶೇಷಣಗಳೆಲ್ಲ ಮುಂದೆ ಸರಿದು ‘ನಿನ್ನ ಪ್ರೀತಿಯ ಒಬ್ಬನೇ ಮಗ ಇಸಾಕನನ್ನು’ ಎಂದು ಒಂದೇ ಉಸಿರಿನಲ್ಲಿ ಮುಗಿದುಹೋಗುತ್ತದೆ. ಹೀಬ್ರೂ ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಈಗ ನಿಮ್ಮನ್ನೇ ಕೇಳಿಕೊಳ್ಳಿ: ಹೆಚ್ಚಾಗಿರುವ ಪದ ಯಾವುದು? ಕಾಣೆಯಾಗಿರುವುದು ಯಾವುದು? ಕ್ರಮ ವಿಚಿತ್ರವಾಗಿದೆಯೇ? ಹಿಂದಿನ ಮಾತಿಗೆ ವಿರುದ್ಧವಾಗಿದೆಯೇ? ಇಲ್ಲಿ ‘ಇಸಾಕನನ್ನು’ ಎಂದರೆ ಸಾಕಿತ್ತು, ನಾಲ್ಕು ಸಲ ಯಾಕೆ? ಇಷ್ಮಾಯೇಲ ಇರುವಾಗ ‘ಒಬ್ಬನೇ’ ಹೇಗೆ? ಎರಡನ್ನೂ ನಡುವಿನ ಅಂಕಣದಲ್ಲಿ ಬರೆಯಿರಿ.

ಆಮೇಲೆ ಕೈ ತೆಗೆಯಿರಿ. ರಶಿ ಇದನ್ನು ಒಂದು ಸಂಭಾಷಣೆಯಾಗಿ ಬಿಡಿಸುತ್ತಾರೆ. ‘ನಿನ್ನ ಮಗನನ್ನು’ ಎಂದಾಗ ಅಬ್ರಹಾಮ ಹೇಳುತ್ತಾನೆ, ನನಗೆ ಇಬ್ಬರು ಮಕ್ಕಳಿದ್ದಾರೆ. ‘ನಿನ್ನ ಒಬ್ಬನೇ ಒಬ್ಬನನ್ನು’ ಎಂದರೆ, ಇವನು ಇವನ ತಾಯಿಗೆ ಒಬ್ಬನೇ, ಅವನು ಅವನ ತಾಯಿಗೆ ಒಬ್ಬನೇ. ‘ನೀನು ಪ್ರೀತಿಸುವವನನ್ನು’ ಎಂದರೆ, ಇಬ್ಬರನ್ನೂ ಪ್ರೀತಿಸುತ್ತೇನೆ. ಆಗ ಹೆಸರು: ‘ಇಸಾಕನನ್ನು’. ತಂದೆಯ ಮೂರು ಉತ್ತರಗಳಲ್ಲಿ ಒಂದೂ ಮೂಲದಲ್ಲಿಲ್ಲ. ಆದರೆ ಮೂಲದ ಒಂದೊಂದು ಪದದ ಮುಂದೆ ಒಂದೊಂದು ಉತ್ತರ ಕೂತಾಗ, ಅಷ್ಟು ಪದ ಯಾಕೆ ಬೇಕಿತ್ತು ಎಂಬುದು ತಾನಾಗಿ ತಿಳಿಯುತ್ತದೆ.

ಇಲ್ಲಿ ರಶಿ ಅಪರೂಪಕ್ಕೆ ಮುಂದಿನ ಶಂಕೆಯನ್ನು ಬಾಯಿಬಿಟ್ಟು ಕೇಳುತ್ತಾರೆ: ಮೊದಲೇ ಹೆಸರು ಹೇಳಬಹುದಿತ್ತಲ್ಲ? ಒಮ್ಮೆಗೇ ಹೇಳಿದರೆ ಅವನ ಮನಸ್ಸು ಕಲಕಿ ಬುದ್ಧಿ ಕೆಡುತ್ತಿತ್ತು. ಅಲ್ಲದೆ ಆಜ್ಞೆ ಅವನಿಗೆ ಪ್ರಿಯವಾಗಲಿ, ಒಂದೊಂದು ಮಾತಿಗೂ ಫಲ ಸಿಗಲಿ ಎಂದು. ಈ ಎರಡು ಕಾರಣಗಳ ಮೂಲ ಹುಡುಕಿ: ಮೊದಲನೆಯದು ಗುರುಗಳ ಧರ್ಮಶಾಸ್ತ್ರ ಚರ್ಚೆಗಳ ಸಂಗ್ರಹವಾದ ತಾಲ್ಮುಡ್‌ನ ಸನ್ಹೆದ್ರಿನ್ ಗ್ರಂಥದ 89ಬ ಪುಟದಲ್ಲಿ (89ನೆಯ ಹಾಳೆಯ ಎರಡನೆಯ ಮಗ್ಗುಲು), ಎರಡನೆಯದು ಬೆರೇಶಿತ್ ರಬ್ಬಾ ಎಂಬ ಮಿದ್ರಾಶ್‌ನ 55ನೆಯ ಅಧ್ಯಾಯದಲ್ಲಿ ಇದೆ. ಬೇರೆ ಬೇರೆ ಕಡೆ ಇದ್ದದ್ದನ್ನು ರಶಿ ಒಂದು ವಾಕ್ಯಕ್ಕೆ ಹೊಲಿದಿದ್ದಾರೆ. ಮಿದ್ರಾಶ್ ಪುಸ್ತಕ ತೆರೆದು ನೋಡಿದರೆ ಅದೇ ವಚನಕ್ಕೆ ಇನ್ನೂ ಎಷ್ಟೋ ಕಥೆಗಳಿರುತ್ತವೆ. ಅವರು ಎತ್ತಿಕೊಂಡದ್ದನ್ನು ಗಮನಿಸುವಷ್ಟೇ ಶ್ರದ್ಧೆಯಿಂದ ಬಿಟ್ಟದ್ದನ್ನೂ ಗಮನಿಸಿ. ಆಯ್ಕೆಯ ನಿಯಮವನ್ನು ಅವರೇ ಆದಿಕಾಂಡ 3:8ರಲ್ಲಿ ಹೇಳಿದ್ದಾರೆ: ಮಿದ್ರಾಶ್‌ಗಳು ಬಹಳ ಇವೆ, ತಾನು ಬಂದಿರುವುದು ವಚನದ ನೇರ ಅರ್ಥಕ್ಕಾಗಿ ಮತ್ತು ವಚನದ ಪದಗಳನ್ನು ಸರಿಯಾಗಿ ಕೂರಿಸುವ ಆಖ್ಯಾನಕ್ಕಾಗಿ ಮಾತ್ರ. ಈ ಸಾಲನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ. ರಶಿ ಕಥೆ ಹೇಳಿದ ಕಡೆಯೆಲ್ಲ ‘ಇದು ಯಾವ ಪದವನ್ನು ಕೂರಿಸುತ್ತಿದೆ?’ ಎಂದು ಕೇಳಲು ಅದೇ ಆಧಾರ.

ಪ್ರತೀಕವನ್ನು ಅಳೆದು ನೋಡಿ

ವ್ಯಾಖ್ಯಾನದಲ್ಲಿ ಮೂಲದಿಂದ ಎತ್ತಿಕೊಂಡ ತುಣುಕಿಗೆ ಹೀಬ್ರೂವಿನಲ್ಲಿ ‘ದಿಬ್ಬೂರ್ ಹಮಥ್‌ಹೀಲ್’ ಎನ್ನುತ್ತಾರೆ, ನಮ್ಮಲ್ಲಿ ಪ್ರತೀಕ. ಹೊಸಬರು ಅದನ್ನು ಬರೀ ಗುರುತು ಎಂದುಕೊಂಡು ಹಾರಿಹೋಗುತ್ತಾರೆ. ಶಂಕೆಯ ಸುಳಿವು ಇರುವುದೇ ಅಲ್ಲಿ. 6:9ರಲ್ಲಿ ‘ನೋಹನು ನೀತಿವಂತ, ತನ್ನ ತಲೆಮಾರುಗಳಲ್ಲಿ ದೋಷವಿಲ್ಲದವನು’ ಎಂದಿದೆ. ರಶಿ ಎತ್ತಿಕೊಳ್ಳುವುದು ‘ತನ್ನ ತಲೆಮಾರುಗಳಲ್ಲಿ’ ಎಂಬುದನ್ನು. ಅಂದರೆ ಪ್ರಶ್ನೆ ನೋಹನ ನೀತಿಯ ಬಗ್ಗೆ ಅಲ್ಲ, ಆ ಒಂದು ಪದದ ಬಗ್ಗೆ: ಮಿತಿ ಹಾಕುವ ಮಾತು ಯಾಕೆ ಬಂತು? ಗುರುಗಳಲ್ಲಿ ಕೆಲವರು ಇದನ್ನು ಹೊಗಳಿಕೆ ಎನ್ನುತ್ತಾರೆ: ಕೆಟ್ಟವರ ನಡುವೆಯೇ ಹೀಗಿದ್ದವನು ಒಳ್ಳೆಯವರ ನಡುವೆ ಇನ್ನೆಷ್ಟು ಒಳ್ಳೆಯವನಾಗಿರುತ್ತಿದ್ದ! ಕೆಲವರು ತೆಗಳಿಕೆ ಎನ್ನುತ್ತಾರೆ: ಆ ಕಾಲಕ್ಕೆ ಅವನು ನೀತಿವಂತ, ಅಬ್ರಹಾಮನ ಕಾಲದಲ್ಲಿದ್ದಿದ್ದರೆ ಲೆಕ್ಕಕ್ಕೇ ಬರುತ್ತಿರಲಿಲ್ಲ. ರಶಿ ತೀರ್ಪು ಕೊಡದೆ ಎರಡನ್ನೂ ಬಿಡುತ್ತಾರೆ.

ಎರಡು ಅರ್ಥ ಕೊಟ್ಟ ಕಡೆ ‘ಯಾವುದು ಸರಿ’ ಎಂದು ಕೇಳುವ ಬದಲು, ಮೊದಲನೆಯದರಲ್ಲಿ ಯಾವ ಕೊರತೆ ಕಂಡು ಎರಡನೆಯದನ್ನು ತಂದರು ಎಂದು ಹುಡುಕಿ. ಮೊದಲನೆಯದು ಪದಕ್ಕೆ ಹೊಂದಿ ಸಂದರ್ಭಕ್ಕೆ ಹೊಂದದೆ ಇರಬಹುದು, ಎರಡನೆಯದು ಸಂದರ್ಭಕ್ಕೆ ಹೊಂದಿ ವ್ಯಾಕರಣಕ್ಕೆ ತೊಡಕಾಗಬಹುದು. ಎರಡೂ ನಿರ್ದೋಷವಾಗಿದ್ದರೆ ಒಂದೇ ಸಾಕಿತ್ತು.

28:5ನ್ನು ತಪ್ಪದೆ ನೋಡಿ. ಯಾಕೋಬನು ಲಾಬಾನನ ಬಳಿಗೆ ಹೊರಡುತ್ತಾನೆ. ಲಾಬಾನನು ‘ಯಾಕೋಬ ಏಸಾವರ ತಾಯಿಯಾದ ರೆಬೆಕ್ಕಳ ಅಣ್ಣ’ ಎಂದು ವಚನ ಹೇಳುತ್ತದೆ. ‘ಯಾಕೋಬ ಏಸಾವರ ತಾಯಿ’ ಎಂಬ ಪ್ರತೀಕ ಇಟ್ಟು ರಶಿ ಬರೆಯುವುದು ಇಷ್ಟೇ: ಇದು ನಮಗೆ ಏನು ಕಲಿಸುತ್ತದೋ ನನಗೆ ಗೊತ್ತಿಲ್ಲ. ಉತ್ತರವಿಲ್ಲದಿದ್ದರೆ ಸುಮ್ಮನಿರಬಹುದಿತ್ತು. ಬರೆದದ್ದು ಯಾಕೆಂದರೆ ಪ್ರಶ್ನೆ ಅಲ್ಲಿದೆ: ಅಷ್ಟು ಅಧ್ಯಾಯಗಳಿಂದ ಗೊತ್ತಿರುವ ತಾಯಿಯನ್ನು ಮತ್ತೆ ಪರಿಚಯಿಸುವುದೇಕೆ? ಇಡೀ ವ್ಯಾಖ್ಯಾನದಲ್ಲಿ ಶಂಕೆ ಬತ್ತಲಾಗಿ, ಸಮಾಧಾನವಿಲ್ಲದೆ ನಿಂತ ಜಾಗಗಳಲ್ಲಿ ಇದೊಂದು. ಉಳಿದ ಕಡೆ ಅವರ ಮನಸ್ಸು ಹೇಗೆ ಓಡುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಮೊದಲ ವಚನಕ್ಕೆ ಹಿಂದಿರುಗುವುದು

ತಿಂಗಳೊಪ್ಪತ್ತು ಹೀಗೆ ಓದಿದ ಮೇಲೆ ಆದಿಕಾಂಡ 1:1 ತೆರೆಯಬಹುದು. ಸತ್ಯವೇದ ‘ಆದಿಯಲ್ಲಿ’ ಎಂದು ಶುರುವಾಗುತ್ತದೆ, ಅಲ್ಲಿಗೆ ಸಮಸ್ಯೆ ಮಾಯ. ಹೀಬ್ರೂವಿನ ‘ಬೆರೇಶಿತ್’ ಆಕಾಂಕ್ಷೆ ತೀರದ ಪದ. ಅದು ‘ಆರಂಭದಲ್ಲಿ’ ಎಂದಲ್ಲ, ‘ಇಂಥದ್ದರ ಆರಂಭದಲ್ಲಿ’ ಎಂದು ಇನ್ನೊಂದು ಪದವನ್ನು ಬೇಡುತ್ತದೆ. ರಶಿ ಸಾಕ್ಷಿ ಕೊಡುತ್ತಾರೆ: ಯೆರೆಮೀಯ 26:1ರಲ್ಲಿ ‘ಯೆಹೋಯಾಕೀಮನ ಆಳಿಕೆಯ ಆರಂಭದಲ್ಲಿ’, ಧರ್ಮೋಪದೇಶಕಾಂಡ 18:4ರಲ್ಲಿ ‘ನಿನ್ನ ಧಾನ್ಯದ ಮೊದಲ ಪಾಲು’. ಹಾಗಾದರೆ ಇಲ್ಲಿ ಯಾವುದರ ಆರಂಭ? ದೇವರು ಆಕಾಶವನ್ನೂ ಭೂಮಿಯನ್ನೂ ಉಂಟುಮಾಡುವುದರ ಆರಂಭ. ಭೂಮಿ ರೂಪವಿಲ್ಲದೆ ಇದ್ದಾಗ ಬೆಳಕಾಗಲಿ ಎಂದನು. ಮೂರು ವಚನ ಸೇರಿ ಒಂದೇ ವಾಕ್ಯವಾಯಿತು. ಮೊದಲು ಯಾವುದು ಹುಟ್ಟಿತು ಎಂದು ಹೇಳಲು ಈ ವಚನ ಬಂದಿಲ್ಲ ಎಂಬುದಕ್ಕೆ ಇನ್ನೊಂದು ಯುಕ್ತಿ: ಎರಡನೆಯ ವಚನದಲ್ಲೇ ನೀರಿನ ಮೇಲೆ ದೇವರ ಆತ್ಮ ಸುಳಿಯುತ್ತಿದೆ, ಆ ನೀರು ಯಾವಾಗ ಹುಟ್ಟಿತೆಂದು ಇನ್ನೂ ಹೇಳಿಯೇ ಇಲ್ಲವಲ್ಲ! ಮಿದ್ರಾಶ್‌ಗೆ ಹೆಸರಾದ ವ್ಯಾಖ್ಯಾನಕಾರರು ಇಲ್ಲಿ ಶುದ್ಧ ವೈಯಾಕರಣಿ. ಅವರನ್ನು ‘ಕಥೆ ಹೇಳುವ ರಶಿ’ ಎಂದು ಒಂದೇ ಮಾತಿನಲ್ಲಿ ಮುಗಿಸುವವರು ಈ ಪುಟವನ್ನು ಓದಿಲ್ಲ.

ಮುಂದಿನ ವಚನದಲ್ಲೇ ಫ್ರೆಂಚ್ ಎದುರಾಗುತ್ತದೆ. ‘ಮೆರಹೆಫೆತ್’ ಎಂಬ ಪದಕ್ಕೆ, ಗೂಡಿನ ಮೇಲೆ ಪಾರಿವಾಳ ರೆಕ್ಕೆ ಹರಡಿ ನಿಂತಂತೆ ಎಂದು ಹೇಳಿ ‘ಅಕೊವೆತೇರ್’ ಎನ್ನುತ್ತಾರೆ. ಟ್ರ್ವಾದ ವಿದ್ಯಾರ್ಥಿಗೆ ಅದು ಮನೆಯಲ್ಲಿ ಕೇಳಿದ ಮಾತು. ಇಂಥ ಪದಗಳಿಗೆ ‘ಲಅಜ್’ ಎಂದು ಹೆಸರು. ಬೈಬಲ್ ಮತ್ತು ತಾಲ್ಮುಡ್ ವ್ಯಾಖ್ಯಾನಗಳಲ್ಲಿ ಸಾವಿರಗಟ್ಟಲೆ ಇವೆ. ಹಳೆಯ ಫ್ರೆಂಚ್‌ನ ಚರಿತ್ರೆ ಬರೆಯುವವರಿಗೆ ಇದೊಂದು ಗಣಿ. ಓದುವಾಗ ಎರಡು ತೊಂದರೆ. ಹೀಬ್ರೂವಿನಲ್ಲಿ ಸಂಕ್ಷೇಪಾಕ್ಷರಗಳಿಗೆ ಕೊನೆಯಕ್ಷರದ ಮುಂಚೆ ಹಾಕುವ ಜೋಡಿ ಗೀಟನ್ನೇ ಲಅಜ್ ಪದಗಳಿಗೂ ಹಾಕುತ್ತಾರೆ, ಆದ್ದರಿಂದ ಹೊಸಬರು ಅದನ್ನು ಸಂಕ್ಷೇಪ ಎಂದು ಬಿಡಿಸಲು ಹೋಗಿ ಹೊತ್ತು ಕಳೆಯುತ್ತಾರೆ. ಪಕ್ಕದಲ್ಲಿ ‘ಬೆಲಅಜ್’ ಇದೆಯೇ ನೋಡಿ, ಇದ್ದರೆ ಅದು ಫ್ರೆಂಚ್. ಇನ್ನೊಂದು, ಫ್ರೆಂಚ್ ಬಾರದ ಊರುಗಳ ಲಿಪಿಕಾರರು ಪ್ರತಿ ಮಾಡುತ್ತ ಮಾಡುತ್ತ ಎಷ್ಟೋ ಪದಗಳನ್ನು ಗುರುತು ಸಿಗದಷ್ಟು ಕೆಡಿಸಿದ್ದಾರೆ. ಅಚ್ಚಿನಲ್ಲಿರುವ ರೂಪವನ್ನೇ ನಂಬದೆ, ಲಅಜ್‌ಗಳನ್ನು ವಿವರಿಸುವ ಪಟ್ಟಿಯಿರುವ ಮುದ್ರಣವನ್ನು ನೋಡಿ.

ಕೆಟ್ಟಿದ್ದು ಲಅಜ್ ಮಾತ್ರವಲ್ಲ. ಶಿಷ್ಯರು ಅಂಚಿನಲ್ಲಿ ಬರೆದದ್ದು ಮೂಲದೊಳಗೆ ಸೇರಿದೆ, ಹಸ್ತಪ್ರತಿಗಳು ಒಂದಕ್ಕೊಂದು ಹೊಂದುವುದಿಲ್ಲ. ವಾದವೊಂದು ನಡುವೆ ತುಂಡಾದಂತೆ ಅಥವಾ ಹೇಳಿದ್ದೇ ಮತ್ತೆ ಬಂದಂತೆ ಕಂಡರೆ ನಿಮ್ಮ ಬುದ್ಧಿಯನ್ನು ಶಂಕಿಸುವ ಮೊದಲು ಪಾಠವನ್ನು ಶಂಕಿಸಿ. ಲೈಪ್ಜಿಗ್ 1 ಎಂದು ಕರೆಯುವ 13ನೆಯ ಶತಮಾನದ ಪ್ರತಿ ರಶಿಯ ಶಿಷ್ಯ ಶೆಮಾಯಾ ಅವರ ಪ್ರತಿಯನ್ನು ಅನುಸರಿಸಿದ್ದು; ಸಂಶಯ ಬಂದಾಗ ವಿದ್ವಾಂಸರು ಮೊದಲು ನೋಡುವ ಪ್ರತಿಗಳಲ್ಲಿ ಅದೊಂದು.

ನಿಮ್ಮ ಶಂಕೆ ಸರಿಯೇ ಎಂದು ತಾಳೆ ನೋಡಲು ಟೀಕೆಯ ಮೇಲಿನ ಟೀಕೆಗಳಿವೆ. ಶಬ್ಬೆತೈ ಬಾಸ್ ಅವರ ‘ಸಿಫ್ತೇ ಹಖಾಮಿಮ್’ ಚಿಕ್ಕದು, ಹಲವು ಹುಮಾಶ್‌ಗಳಲ್ಲಿ ಪುಟದ ಕೆಳಗೇ ಇರುತ್ತದೆ. ಎಲಿಯಾಹು ಮಿಜ್ರಾಹಿ ಅವರದು ದೊಡ್ಡದು, ತರ್ಕ ಬಿಗಿ. ಇವನ್ನು ನಿಮ್ಮ ಅಂಕಣ ತುಂಬಿದ ಮೇಲೆ ತೆರೆಯಿರಿ, ಮೊದಲಲ್ಲ. ಆಮೇಲೆ ರಶ್‌ಬಾಮ್. ಆದಿಕಾಂಡ 37:2ರ ವ್ಯಾಖ್ಯಾನದಲ್ಲಿ ಅವರು ಅಜ್ಜನೊಡನೆ ವಾದ ಮಾಡಿದ್ದನ್ನು ದಾಖಲಿಸಿದ್ದಾರೆ: ಸಮಯ ಸಿಕ್ಕಿದ್ದರೆ ದಿನದಿನವೂ ಹೊಸದಾಗಿ ಹೊಳೆಯುವ ನೇರ ಅರ್ಥಗಳಿಗೆ ತಕ್ಕಂತೆ ಬೇರೆ ವ್ಯಾಖ್ಯಾನ ಬರೆಯಬೇಕಿತ್ತು ಎಂದು ರಶಿ ಒಪ್ಪಿಕೊಂಡರಂತೆ.

ತಾಲ್ಮುಡ್ ಪುಟದಲ್ಲಿ

ತೋರಾ ವ್ಯಾಖ್ಯಾನ ಇಲ್ಲದೆ ತೋರಾ ಓದಬಹುದು. ರಶಿ ಇಲ್ಲದೆ ಬ್ಯಾಬಿಲೋನಿನ ತಾಲ್ಮುಡ್ ಓದುವುದು ಬಹಳ ಕಷ್ಟ. ಅರಾಮಿಕ್ ಗದ್ಯ, ವಿರಾಮಚಿಹ್ನೆ ಇಲ್ಲ, ಪ್ರಶ್ನೆ ಎಲ್ಲಿ ಮುಗಿದು ಉತ್ತರ ಎಲ್ಲಿ ಶುರುವಾಯಿತೆಂದು ಗೊತ್ತಾಗುವುದಿಲ್ಲ. ವೆನಿಸ್‌ನ ಬೊಂಬರ್ಗ್ ಮುದ್ರಣದಿಂದ (1520–23) ಇಂದಿನವರೆಗೂ ಪುಟದ ವಿನ್ಯಾಸ ಒಂದೇ: ನಡುವೆ ಮೂಲ, ಪುಸ್ತಕದ ಹೊಲಿಗೆಯ ಕಡೆಗೆ ರಶಿ, ಹೊರ ಅಂಚಿಗೆ ಮೊಮ್ಮಕ್ಕಳ ಪಂಥದ ಟಿಪ್ಪಣಿಗಳಾದ ತೋಸಾಫೋತ್. ಹೀಬ್ರೂ ಪುಸ್ತಕ ಬಲದಿಂದ ತೆರೆಯುವುದರಿಂದ ‘ಅ’ ಪುಟದಲ್ಲಿ ರಶಿ ಬಲಕ್ಕೆ, ‘ಬ’ ಪುಟದಲ್ಲಿ ಎಡಕ್ಕೆ ಬರುತ್ತಾರೆ. ಹೆಚ್ಚುಕಡಿಮೆ ಎಲ್ಲ ಗ್ರಂಥಗಳೂ 2ಅ ಪುಟದಿಂದ ಶುರು. 1ನೆಯ ಪುಟ ಹರಿದುಹೋಗಿದೆ ಎಂದುಕೊಳ್ಳಬೇಡಿ.

ಇಲ್ಲಿ ಓದುವ ಕ್ರಮ ತಿರುಗುಮುರುಗು. ಮೂಲದ ಒಂದು ಪದಗುಚ್ಛ, ಕೂಡಲೇ ರಶಿ, ಮತ್ತೆ ಮೂಲ. ಪೂರ್ತಿ ಪುಟ ಓದಿ ಆಮೇಲೆ ರಶಿಗೆ ಬಂದರೆ ದಾರಿ ತಪ್ಪುತ್ತದೆ, ಯಾಕೆಂದರೆ ಅವರು ವಾದದ ಆ ಹಂತಕ್ಕೆ ಬೇಕಾದಷ್ಟನ್ನೇ ಹೇಳುತ್ತಾರೆ. ‘ಬಿತ್ಮಿಯಾ’ ಎಂದಿದ್ದರೆ ಮೂಲದ ಸಾಲನ್ನು ಪ್ರಶ್ನೆಯ ಧ್ವನಿಯಲ್ಲಿ ಓದಿ, ‘ಬೆನಿಹೂತಾ’ ಎಂದಿದ್ದರೆ ಸಾಧಾರಣ ಹೇಳಿಕೆಯಾಗಿ. ‘ಹಾಖಿ ಗಾರ್ಸಿನನ್’ ಎಂದರೆ ‘ಪಾಠ ಹೀಗಿರಬೇಕು’. ಕೈಬರಹದ ಪ್ರತಿಗಳಲ್ಲಿದ್ದ ತಪ್ಪನ್ನು ತಿದ್ದುತ್ತಿದ್ದಾರೆ. ಈಗಿನ ಅಚ್ಚಿನಲ್ಲಿ ಮೂಲವನ್ನು ಎಷ್ಟೋ ಕಡೆ ಅವರ ಮಾತಿನಂತೆಯೇ ತಿದ್ದಿಬಿಟ್ಟಿರುವುದರಿಂದ, ತಿದ್ದುಪಡಿ ಹೇಳುವ ಟಿಪ್ಪಣಿ ಅನಗತ್ಯ ಎನಿಸಬಹುದು. ಹಾಗೆ ಕಂಡಾಗ ಮೊದಲಿನ ಪಾಠ ಹೇಗಿದ್ದಿರಬಹುದು ಎಂದು ಊಹಿಸಿ ಬರೆದುಕೊಳ್ಳಿ. ತೋಸಾಫೋತ್‌ನಲ್ಲಿ ‘ಕುಂತ್ರೆಸ್’ ಎಂದು ಬಂದರೆ ಅದು ರಶಿಯ ವ್ಯಾಖ್ಯಾನ.

ಬೆರಾಖೋತ್ 2ಅ ಒಳ್ಳೆಯ ಅಭ್ಯಾಸ. ‘ಶೆಮಾ’ ಎಂಬ ತೋರಾ ವಚನಗಳ ಸಂಜೆಯ ಪಠಣ ಯಾವ ಹೊತ್ತಿನಿಂದ ಎಂಬುದು ಮೂಲದ ಮಾತು. ರಾತ್ರಿಯಾದ ಮೇಲೆಯೇ ಎಂದಾದರೆ, ನಮ್ಮ ಸಭಾಮಂದಿರದಲ್ಲಿ ಇನ್ನೂ ಬೆಳಕಿರುವಾಗಲೇ ಯಾಕೆ ಹೇಳುತ್ತೇವೆ? ರಶಿ ತಮ್ಮೂರಿನ ರೂಢಿಯನ್ನೇ ಎದುರಿಗಿಟ್ಟುಕೊಂಡು ಹೇಳುತ್ತಾರೆ: ಅಲ್ಲಿ ಹೇಳುವುದು ಪ್ರಾರ್ಥನೆಗೆ ನಿಲ್ಲುವ ಮೊದಲು ತೋರಾದ ಮಾತು ಬಾಯಲ್ಲಿರಲಿ ಎಂದು, ಕರ್ತವ್ಯ ತೀರುವುದು ರಾತ್ರಿ ಮಲಗುವಾಗ ಹೇಳಿದಾಗ. ಹೊರ ಅಂಚಿಗೆ ಕಣ್ಣು ಹಾಯಿಸಿ: ರಬ್ಬೇನು ತಾಮ್ ಒಪ್ಪುವುದಿಲ್ಲ, ಸಭಾಮಂದಿರದ್ದೇ ಮುಖ್ಯ ಪಠಣ ಎನ್ನುತ್ತಾರೆ. ಮೆನಾಹೋತ್ 33ಅ ಪುಟದಲ್ಲೂ ಇದೇ ಜೋಡಿ. ಬಾಗಿಲ ಚೌಕಟ್ಟಿಗೆ ಹೊಡೆಯುವ ಮೆಜುಜಾ (ತೋರಾ ವಚನ ಬರೆದ ಸುರುಳಿ) ರಶಿಯ ಪ್ರಕಾರ ನೆಟ್ಟಗೆ ನಿಲ್ಲಬೇಕು, ರಬ್ಬೇನು ತಾಮ್ ಪ್ರಕಾರ ಅಡ್ಡ ಮಲಗಬೇಕು. ಯುರೋಪು ಮೂಲದ ಯೆಹೂದಿ ಮನೆಗಳಲ್ಲಿ ಇಂದಿಗೂ ಅದನ್ನು ಓರೆಯಾಗಿ ಹೊಡೆಯುತ್ತಾರೆ, ಅಜ್ಜ ಮೊಮ್ಮಗ ಇಬ್ಬರ ಮಾತೂ ಉಳಿಯಲಿ ಎಂದು.

ಎಲ್ಲ ಒಳ ಅಂಕಣವೂ ರಶಿಯದಲ್ಲ ಎಂಬುದನ್ನು ಮರೆಯಬೇಡಿ. ನೆದಾರಿಮ್, ನಾಜಿರ್ ಗ್ರಂಥಗಳಲ್ಲಿ ಅವರ ಹೆಸರಿನಲ್ಲಿ ಅಚ್ಚಾಗಿರುವುದು ಅವರದಲ್ಲ. ಅಲ್ಲಿನ ಶೈಲಿಯಿಂದ ರಶಿಯ ಬಗ್ಗೆ ತೀರ್ಮಾನ ಮಾಡಿದರೆ ಎಡವುತ್ತೀರಿ. ಬಾವಾ ಬತ್ರಾದಲ್ಲಿ 29ಅ ತನಕ ರಶಿ, ಮುಂದೆ ರಶ್‌ಬಾಮ್. ಆ ಗಡಿಯ ಎರಡೂ ಕಡೆಯ ನಾಲ್ಕು ನಾಲ್ಕು ಪುಟಗಳನ್ನು ಒಂದೇ ದಿನ ಓದಿ ನೋಡಿ. ರಶಿ ಐದು ಪದದಲ್ಲಿ ಮುಗಿಸುತ್ತಿದ್ದ ಜಾಗದಲ್ಲಿ ಮೊಮ್ಮಗ ಐದು ಸಾಲು ತೆಗೆದುಕೊಳ್ಳುತ್ತಾರೆ, ಅಂಕಣ ಉಬ್ಬಿ ಮೂಲವನ್ನು ನುಂಗುತ್ತದೆ.

ಮಕ್ಕೋತ್ 19ಬ ಪುಟವನ್ನು ಕೊನೆಗೆ ಇಟ್ಟುಕೊಳ್ಳಿ. ವಿವರಣೆ ನಡುವೆಯೇ ನಿಂತು ಇನ್ನೊಂದು ಕೈಯ ಮಾತು ಬರುತ್ತದೆ: ನಮ್ಮ ಗುರುಗಳ ದೇಹ ಶುದ್ಧವಾಗಿತ್ತು, ಶುದ್ಧವಾಗಿಯೇ ಪ್ರಾಣ ಹೋಯಿತು, ಮುಂದೆ ಅವರು ವಿವರಿಸಲಿಲ್ಲ, ಇಲ್ಲಿಂದ ಅವರ ಶಿಷ್ಯ ಯೆಹೂದಾ ಬೆನ್ ನಾತಾನ್ ಅವರ ಮಾತು. ಈ ಶಿಷ್ಯ ಮಗಳು ಮಿರ್ಯಾಮಳ ಗಂಡ. ಅದರ ಮುಂದಿನ ಪ್ರತೀಕದಿಂದ ನಿಮ್ಮ ಮೂರು ಅಂಕಣಗಳನ್ನು ಮತ್ತೆ ಎಳೆದು ಓದನ್ನು ಮುಂದುವರಿಸಿ.